ಗಿಟಾರ್‌ನಿಂದ ಕಂಪ್ಯೂಟರ್‌ಗೆ: ಯಾವ ಕನೆಕ್ಷನ್, ಯಾವ ಕ್ರಮದಲ್ಲಿ?

ಕಳೆದ ಮಳೆಗಾಲದಲ್ಲಿ ನಮ್ಮ ಕಾಸರಗೋಡು ಕಡೆಯ ಪೆರ್ಲದ ಹುಡುಗನೊಬ್ಬ ಲ್ಯಾಪ್‌ಟಾಪ್, ಗಿಟಾರ್ ಮತ್ತು ಒಂದು ಚೀಲ ತುಂಬ ವೈರು ಹೊತ್ತುಕೊಂಡು ನಮ್ಮ ಮನೆಗೆ ಬಂದ. "ಅಣ್ಣ, ಪಿಕಪ್ ಹಾಳಾಗಿದೆಯಾ ಎಂತ? ರೆಕಾರ್ಡ್ ಮಾಡಿದ್ರೆ ಡಬ್ಬದೊಳಗಿಂದ ಬಂದ ಹಾಗೆ ಕೇಳ್ತದೆ" ಅಂದ. ಪಿಕಪ್, ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ, ಸರಿಯಾಗಿಯೇ ಇತ್ತು. ಅವನು ಗಿಟಾರ್ ವೈರಿನ ತುದಿಗೆ ಒಂದು ಸಣ್ಣ ಕನ್ವರ್ಟರ್ ಪಿನ್ನು ಸಿಕ್ಕಿಸಿ, ಅದನ್ನು ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿಗೆ ಚುಚ್ಚಿದ್ದ. ಅಲ್ಲೇ ಎಲ್ಲ ಕೆಟ್ಟಿತ್ತು.

ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆಯಿಂದ ಬರುವವರ ದೂರುಗಳು ಮೂರೇ. ಸದ್ದು ಸಪ್ಪೆ. ತಂತಿ ಮೀಟಿದ ಮೇಲೆ ತಡವಾಗಿ ಕೇಳುತ್ತದೆ. ನಡುನಡುವೆ ಚಟ್ ಚಟ್ ಅನ್ನುತ್ತದೆ. ಹೆಚ್ಚಿನವರು ಇದಕ್ಕೆ ಗಿಟಾರನ್ನೋ ಕಂಪ್ಯೂಟರನ್ನೋ ಬೈಯುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಇರುವುದು ಕ್ರಮದಲ್ಲಿ. ಅಂಗಡಿಗೆ ಹೋಗಿ ಮೊದಲು ವೈರು ಕೊಳ್ಳುತ್ತಾರೆ, ಆಮೇಲೆ ಅದು ಎಲ್ಲಿಗೆ ಹೊಂದುತ್ತದೆ ಎಂದು ಹುಡುಕುತ್ತಾರೆ. ಮೊದಲು ಗಿಟಾರ್ ನೋಡಬೇಕು. ಆಮೇಲೆ ಅದರ ಸದ್ದು ಎಲ್ಲಿ ಕಂಪ್ಯೂಟರಿಗೆ ಅರ್ಥವಾಗುವ ಅಂಕಿಯಾಗುತ್ತದೆ ಎಂದು ನೋಡಬೇಕು. ವೈರಿನ ಸರದಿ ಅದರ ನಂತರ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋಗಬೇಡಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಗಿಟಾರ್, ಕಂಪ್ಯೂಟರ್, ವೈರಿನ ಹೆಡ್‌ಫೋನ್ (ಬ್ಲೂಟೂತ್‌ನದ್ದು ಬೇಡ, ಕಾರಣ ಮುಂದೆ ಬರುತ್ತದೆ), ಒಂದು ಒಳ್ಳೆಯ ಗಿಟಾರ್ ವೈರು, ಒಂದು ಟಾರ್ಚು. ಟಾರ್ಚು ಯಾಕೆ ಅಂದರೆ, ಪೋರ್ಟ್‌ಗಳ ಪಕ್ಕದ ಗುರುತು ಮತ್ತು ಪೆಡಲ್‌ನ ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು. ಇಷ್ಟು ನೋಡಿ ಮುಗಿಯುವ ತನಕ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಹಂತ 1: ಗಿಟಾರ್‌ನಿಂದ ಹೊರಬರುವುದು ಏನು?

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಬ್ಯಾಟರಿ ಇಲ್ಲದ ಸಾಧಾರಣ ಪಿಕಪ್ ಇದ್ದರೆ ಅದರ ಸಿಗ್ನಲ್ ತುಂಬ ಬಡಪಾಯಿ. ನೀರಿಗಾಗಿ ಗುಡ್ಡ ಕೊರೆದ ನಮ್ಮ ಊರಿನ ಸುರಂಗ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಡ್ಡದೊಳಗಿಂದ ಒಸರುವ ನೀರಿಗೆ ಕೊಡಪಾನ ಹಿಡಿದರೆ ತುಂಬುತ್ತದೆ. ಅದೇ ನೀರಿಗೆ ಮೋಟಾರು ಹಚ್ಚಿ ಎಳೆದರೆ ಒಂದೇ ಗಳಿಗೆಯಲ್ಲಿ ಬತ್ತುತ್ತದೆ. ಪಿಕಪ್ ಕೂಡ ಹಾಗೆಯೇ. ಅದರಿಂದ ಜಾಸ್ತಿ ಎಳೆಯದ ಇನ್‌ಪುಟ್ ಬೇಕು.

ಎಷ್ಟು ಎಳೆಯುತ್ತದೆ ಎನ್ನುವುದನ್ನು ಓಮ್‌ನಲ್ಲಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟು ಎಳೆತ ಕಡಿಮೆ. ಗಿಟಾರ್‌ಗೆಂದು ಮಾಡಿದ ಇನ್‌ಪುಟ್ ಸುಮಾರು 10 ಲಕ್ಷ ಓಮ್, ಅಂದರೆ 1 ಮೆಗಾಓಮ್ ಇರುತ್ತದೆ. ಸಾಧಾರಣ ಲೈನ್ ಇನ್‌ಪುಟ್ 10,000 ಓಮ್‌ನ ಆಸುಪಾಸು. ಮೈಕ್ ಇನ್‌ಪುಟ್ ಕೆಲವೇ ಸಾವಿರ. ಮೈಕ್ ತೂತಿಗೆ ಗಿಟಾರ್ ಚುಚ್ಚಿದರೆ ಮೊದಲು ಸಾಯುವುದು ಮೇಲಿನ ಸ್ವರಗಳ ಹೊಳಪು. ಹೆಡ್‌ಫೋನ್ ತೂತಿನಲ್ಲೂ ಇರುವುದು ಮೈಕ್ ಇನ್‌ಪುಟ್ಟೇ, ಪೆರ್ಲದ ಹುಡುಗನ 'ಡಬ್ಬದ ಸದ್ದು' ಇದೇ. ಇದನ್ನು ಆಮೇಲೆ ಈಕ್ವಲೈಸರ್‌ನಲ್ಲಿ ಎಳೆದು ಸರಿ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಹೋದದ್ದು ಹೋಯಿತು, ಎಳೆದಷ್ಟೂ ಗರಗರ ಮಾತ್ರ ಮೇಲೆ ಬರುತ್ತದೆ.

ಹಾಗಾಗಿ ಗಿಟಾರ್ ಮತ್ತು ಕಂಪ್ಯೂಟರ್ ನಡುವೆ ಇಡಲು ಕೊಳ್ಳುವ ಯಾವುದೇ ಪೆಟ್ಟಿಗೆಯಲ್ಲಿ ಗಿಟಾರ್ ಚಿತ್ರವೋ, 'ಇನ್‌ಸ್ಟ್ರುಮೆಂಟ್' ಅಥವಾ 'ಹೈ-ಝಡ್' ಎನ್ನುವ ಗುರುತೋ ಇರುವ ಇನ್‌ಪುಟ್ ಇದೆಯಾ ಎಂದು ಮೊದಲು ನೋಡಿ. ಕೆಲವದರಲ್ಲಿ ಅದಕ್ಕೊಂದು ಗುಂಡಿ ಇರುತ್ತದೆ, ಅದನ್ನು ಒತ್ತಬೇಕು. ಒತ್ತಲು ಮರೆತವರು ನನಗೆ ತುಂಬ ಜನ ಸಿಕ್ಕಿದ್ದಾರೆ.

ಅಕೌಸ್ಟಿಕ್ ಗಿಟಾರ್‌ನ ಬದಿಯಲ್ಲಿ ವಾಲ್ಯೂಮ್, ಬಾಸ್, ಟ್ರೆಬಲ್ ತಿರುಪುಗಳು ಮತ್ತು 9 ವೋಲ್ಟ್ ಬ್ಯಾಟರಿ ಇದ್ದರೆ ಒಳಗೆ ಸಿಗ್ನಲ್ಲನ್ನು ಬಲಪಡಿಸುವ ಪ್ರೀಆಂಪ್ ಇದೆ ಎಂದರ್ಥ. ಅದು ಗಟ್ಟಿ ಸಿಗ್ನಲ್. ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೂ ಆಗುತ್ತದೆ, ಲೈನ್‌ಗೂ ಆಗುತ್ತದೆ. ಬ್ಯಾಟರಿ ಇಳಿದಿದ್ದರೆ ಸದ್ದು ಒಡೆಯುತ್ತದೆ, ಅದನ್ನು ಮೊದಲು ಬದಲಿಸಿ ನೋಡಿ. ಪಿಕಪ್ಪೇ ಇಲ್ಲದ ಅಕೌಸ್ಟಿಕ್ ಆದರೆ ಮೈಕ್ ಬೇಕು. ಕಂಡೆನ್ಸರ್ ಮೈಕ್‌ಗೆ ಪೆಟ್ಟಿಗೆಯಲ್ಲಿ 48 ವೋಲ್ಟ್ ಗುಂಡಿ ಇರಬೇಕು. ಗಿಟಾರ್ ಮಾತ್ರ ಹಾಕಿದಾಗ ಆ ಗುಂಡಿ ಆಫ್ ಇರಲಿ. ಇನ್ನೊಂದು ಮಾತು: ಜೂನ್, ಜುಲೈಯಲ್ಲಿ ತಗಡಿನ ಮಾಡಿನ ಕೆಳಗೆ ಮೈಕ್ ಇಟ್ಟರೆ ಗಿಟಾರ್‌ಗಿಂತ ಮಳೆಯೇ ಜಾಸ್ತಿ ರೆಕಾರ್ಡ್ ಆಗುತ್ತದೆ. ವರ್ಷವಿಡೀ ರೆಕಾರ್ಡ್ ಮಾಡುವ ಆಸೆ ಇದ್ದರೆ ಪಿಕಪ್ ಹಾಕಿಸಿಕೊಳ್ಳುವುದೇ ಒಳ್ಳೆಯದು.

ಹಂತ 2: ಕಂಪ್ಯೂಟರ್‌ನಲ್ಲಿ ಯಾವ ತೂತು ಇದೆ?

ಟಾರ್ಚು ಹಿಡಿದು ನೋಡಿ. ಹಳೆಯ ಚಪ್ಪಟೆ ಯುಎಸ್‌ಬಿ-ಎ, ಹೊಸ ಮೊಟ್ಟೆಯಾಕಾರದ ಯುಎಸ್‌ಬಿ-ಸಿ, ಹೆಡ್‌ಫೋನಿನ ಸಣ್ಣ ಗುಂಡಗಿನ ತೂತು. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಲೆಕ್ಕಕ್ಕೆ ಬರುವುದು ಇಷ್ಟೇ.

ಯುಎಸ್‌ಬಿ-ಸಿ ಎನ್ನುವುದು ತೂತಿನ ಆಕಾರದ ಹೆಸರು, ವೇಗದ ಹೆಸರಲ್ಲ. ಅದಕ್ಕಿಂತ ವೇಗದ ಥಂಡರ್‌ಬೋಲ್ಟ್ ಎನ್ನುವ ಕನೆಕ್ಷನ್‌ನ 3 ಮತ್ತು 4 ಕೂಡ ಅದೇ ಆಕಾರದಲ್ಲಿ ಬರುತ್ತವೆ, ಪಕ್ಕದಲ್ಲಿ ಮಿಂಚಿನ ಗುರುತು ಇರುತ್ತದೆ. ಥಂಡರ್‌ಬೋಲ್ಟ್ ಮಾತ್ರ ಕೇಳುವ ಪೆಟ್ಟಿಗೆಯನ್ನು ಬರೀ ಯುಎಸ್‌ಬಿ ಇರುವ ತೂತಿಗೆ ಹಾಕಿದರೆ ವೈರು ಸರಿಯಾಗಿ ಕೂರುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುವ ಫೈರ್‌ವೈರ್ ಎನ್ನುವ ಹಳೆಯ ಕನೆಕ್ಷನ್‌ನ ಪೆಟ್ಟಿಗೆಗಳ ಕಡೆಗೆ ಹೋಗಲೇಬೇಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ತೂತೇ ಇಲ್ಲ.

ಹಂತ 3: ದಾರಿ ಆರಿಸಿಕೊಳ್ಳಿ

ಇಲ್ಲಿ ನಿಧಾನ ಮಾಡಿ. ಗಿಟಾರ್‌ನ ಸದ್ದು ಎಲ್ಲೋ ಒಂದು ಕಡೆ ಅಂಕಿಗಳಾಗಿ ಬದಲಾಗಲೇಬೇಕು. ಆ ಕೆಲಸ ಒಂದೇ ಸಲ ಆಗಲಿ, ಗಿಟಾರ್‌ಗೆ ಆದಷ್ಟು ಹತ್ತಿರದಲ್ಲಿ ಆಗಲಿ, ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿ ಆಗಲಿ. ಈ ಮೂರು ಮಾತು ಇಟ್ಟುಕೊಂಡು ಒಂದೊಂದು ದಾರಿಯನ್ನೂ ಅಳೆಯಿರಿ.

*ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತು.* ಬೇಡ. ಅಲ್ಲಿರುವುದು ಕಾಲ್ ಮಾಡಲು ಇಟ್ಟ ಮೈಕ್ ಇನ್‌ಪುಟ್. ಅದು ಪಿಕಪ್ಪನ್ನು ಬತ್ತಿಸುತ್ತದೆ. ಜೊತೆಗೆ ಹೆಡ್‌ಸೆಟ್ ಮೈಕ್‌ಗಾಗಿ ಸ್ವಲ್ಪ ವೋಲ್ಟೇಜನ್ನೂ ಹೊರಗೆ ಕಳಿಸುತ್ತದೆ.

*ಒಂದು ತುದಿಯಲ್ಲಿ ಗಿಟಾರ್ ಪಿನ್ನು, ಇನ್ನೊಂದು ತುದಿಯಲ್ಲಿ ಯುಎಸ್‌ಬಿ ಇರುವ ಅಗ್ಗದ ವೈರು.* ಟ್ಯೂನ್ ನೆನಪಿಟ್ಟುಕೊಳ್ಳಲು ಆದೀತು. ಹೆಚ್ಚಿನವುಗಳಲ್ಲಿ ಒಳಬರುವ ಸಿಗ್ನಲ್ ಏರಿಸಿ ಇಳಿಸುವ ಗೇನ್ ತಿರುಪು ಇಲ್ಲ, ಹೆಡ್‌ಫೋನ್ ಜಾಕ್ ಇಲ್ಲ, ಕಂಪ್ಯೂಟರ್ ಜೊತೆ ಮಾತಾಡಿಸುವ ಒಳ್ಳೆಯ ಡ್ರೈವರ್ ಸಾಫ್ಟ್‌ವೇರ್ ಇಲ್ಲ. ಜೋರಾಗಿ ಬಾರಿಸಿದಾಗ ಸದ್ದು ಒಡೆದರೆ ತಗ್ಗಿಸಲು ಗಿಟಾರ್‌ನ ವಾಲ್ಯೂಮ್ ಒಂದೇ ದಾರಿ. ಅದನ್ನು ತಗ್ಗಿಸಿದರೆ ಬಣ್ಣವೂ ಬದಲಾಗುತ್ತದೆ.

*ನಿಮ್ಮ ಹತ್ತಿರ ಆಗಲೇ ಇರುವ ಮಲ್ಟಿ ಎಫೆಕ್ಟ್ಸ್ ಪೆಡಲ್ ಅಥವಾ ಸಣ್ಣ ಆಂಪ್.* ತುಂಬ ಜನ ಇದನ್ನು ನೋಡುವುದೇ ಇಲ್ಲ. ಹಿಂಬದಿಯಲ್ಲಿ ಯುಎಸ್‌ಬಿ ತೂತು ಇದ್ದರೆ ಅದು ಆಡಿಯೊ ಇಂಟರ್‌ಫೇಸ್, ಅಂದರೆ ಸದ್ದನ್ನು ಅಂಕಿ ಮಾಡಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ, ಆಗಿಯೂ ಕೆಲಸ ಮಾಡಬಹುದು. ಮಾಡದೆಯೂ ಇರಬಹುದು. ಕೆಲವದರಲ್ಲಿ ಆ ತೂತು ಬರೀ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಅಥವಾ ಮಿಡಿಗೆ. ಮಿಡಿಯಲ್ಲಿ ಹೋಗುವುದು ಆಜ್ಞೆಗಳು, ಸದ್ದಲ್ಲ. ಕೈಪಿಡಿಯಲ್ಲಿ 'ಯುಎಸ್‌ಬಿ ಆಡಿಯೊ' ಎಂದು ಸ್ಪಷ್ಟವಾಗಿ ಬರೆದಿದೆಯಾ ನೋಡಿ. ಇದ್ದರೆ ನಿಮ್ಮ ಕೆಲಸ ಮುಗಿಯಿತು, ಏನೂ ಕೊಳ್ಳುವುದು ಬೇಡ. ಕೆಲವು ಪೆಡಲ್‌ಗಳು ಎಫೆಕ್ಟ್ ಹಾಕಿದ ಸದ್ದು ಮತ್ತು ಶುದ್ಧ ಗಿಟಾರ್ ಎರಡನ್ನೂ ಬೇರೆ ಬೇರೆ ಟ್ರ್ಯಾಕ್‌ಗೆ ಕಳಿಸುತ್ತವೆ. ಹಾಗಿದ್ದರೆ ಎರಡನ್ನೂ ರೆಕಾರ್ಡ್ ಮಾಡಿಡಿ. ನಾಳೆ ಡಿಸ್ಟಾರ್ಷನ್ ಜಾಸ್ತಿ ಆಯಿತು ಅನಿಸಿದರೆ ಶುದ್ಧ ಟ್ರ್ಯಾಕ್ ಕೈ ಹಿಡಿಯುತ್ತದೆ.

ಪೆರ್ಲದ ಹುಡುಗನ ಚೀಲದಲ್ಲಿ ಇಂಥದ್ದೇ ಪೆಡಲ್ ಇತ್ತು. ಒಂದು ಸಲ ಯುಎಸ್‌ಬಿಗೆ ಹಾಕಿ ನೋಡಿ, ಕಂಪ್ಯೂಟರ್‌ಗೆ ಕಾಣಿಸಲಿಲ್ಲ ಅಂತ ಬಿಟ್ಟಿದ್ದ. ಹಾಕಿದ್ದು ಮೊಬೈಲ್ ಚಾರ್ಜ್ ಮಾಡುವ ವೈರು. ಅದರೊಳಗೆ ಕರೆಂಟು ಹೋಗುವ ಎಳೆ ಮಾತ್ರ ಇತ್ತು, ಡೇಟಾ ಹೋಗುವ ಎಳೆ ಇರಲಿಲ್ಲ. ವೈರು ಬದಲಿಸಿದ ಕೂಡಲೇ ಪೆಡಲ್ ಕಾಣಿಸಿತು.

*ಯುಎಸ್‌ಬಿ ಆಡಿಯೊ ಇಂಟರ್‌ಫೇಸ್.* ಪೆಡಲ್ ಇಲ್ಲದ ಹತ್ತರಲ್ಲಿ ಒಂಬತ್ತು ಜನರಿಗೆ ನಾನು ಹೇಳುವುದು ಇದನ್ನೇ. ಎರಡು ಇನ್‌ಪುಟ್ ಇರುವ ಸಣ್ಣದು ಸಾಕು. ಒಂದು ಗಿಟಾರ್‌ಗೆ, ಒಂದು ಹಾಡುವ ಮೈಕ್‌ಗೆ. ನೋಡಬೇಕಾದ್ದು ನಾಲ್ಕು: ಇನ್‌ಸ್ಟ್ರುಮೆಂಟ್ ಇನ್‌ಪುಟ್, ಗೇನ್ ತಿರುಪು, ಹೆಡ್‌ಫೋನ್ ಜಾಕ್, ತಯಾರಕರದ್ದೇ ಆದ ಎಎಸ್‌ಐಒ ಡ್ರೈವರ್ (ವಿಂಡೋಸ್‌ನಲ್ಲಿ ಸದ್ದು ತಡವಾಗದಂತೆ ಮಾಡುವ ಬಗೆಯದ್ದು).

*ಥಂಡರ್‌ಬೋಲ್ಟ್.* ವೇಗ ಜಾಸ್ತಿ ಅಲ್ವಾ, ಸದ್ದೂ ಚೆನ್ನಾಗಿರಬಹುದು ಅನ್ನುವವರಿದ್ದಾರೆ. ಲೆಕ್ಕ ಹಾಕೋಣ. ಒಂದು ಗಿಟಾರ್ ಟ್ರ್ಯಾಕ್‌ನಲ್ಲಿ ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು, ಒಂದೊಂದೂ 24 ಬಿಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 11.5 ಲಕ್ಷ ಬಿಟ್. ಹಳೆಯ ಯುಎಸ್‌ಬಿ 2.0 ಲೆಕ್ಕದ ಪ್ರಕಾರ ಹೊರುವುದು ಸೆಕೆಂಡಿಗೆ 48 ಕೋಟಿ ಬಿಟ್. ನಾಲ್ಕು ಲೈನಿನ ರಸ್ತೆಯಲ್ಲಿ ಒಂದು ಸೈಕಲ್ ಹೋದ ಹಾಗೆ. ಹತ್ತಾರು ಇನ್‌ಪುಟ್ ಒಟ್ಟಿಗೆ ಓಡಿಸುವ ಸ್ಟುಡಿಯೋಗೆ ಥಂಡರ್‌ಬೋಲ್ಟ್‌ನ ಉಪಯೋಗ ಇದೆ. ಒಂದು ಗಿಟಾರ್‌ಗೆ ಸುಮ್ನೆ ಖರ್ಚು. ಆ ದುಡ್ಡಿನಲ್ಲಿ ಹೊಸ ತಂತಿ ಹಾಕಿಸಿ, ಒಳ್ಳೆಯ ಹೆಡ್‌ಫೋನ್ ಕೊಳ್ಳಿ.

*ಎಸ್/ಪಿಡಿಐಎಫ್ ಮತ್ತು ಆಪ್ಟಿಕಲ್.* ದೊಡ್ಡ ಪೆಡಲ್‌ಬೋರ್ಡ್‌ಗಳ ಹಿಂದೆ ಇರುವ ಡಿಜಿಟಲ್ ಔಟ್ ಇದು. ಒಂದು ವೈರಿನಲ್ಲಿ ಎರಡು ಚಾನೆಲ್. ಇದು ನಿಜವಾಗಿ ಬೇಕಾಗುವುದು ಒಂದು ಸಂದರ್ಭದಲ್ಲಿ. ಪೆಡಲ್‌ನಿಂದ ಗಿಟಾರ್, ಇಂಟರ್‌ಫೇಸ್‌ನಿಂದ ಮೈಕ್, ಎರಡೂ ಒಟ್ಟಿಗೆ ರೆಕಾರ್ಡ್ ಆಗಬೇಕು. ಎರಡನ್ನೂ ಯುಎಸ್‌ಬಿಗೆ ಹಾಕಿದರೆ ವಿಂಡೋಸ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಂದು ಎಎಸ್‌ಐಒ ಡ್ರೈವರನ್ನು ಮಾತ್ರ ಹಿಡಿಯುತ್ತದೆ. ಆಗ ಪೆಡಲ್‌ನ ಡಿಜಿಟಲ್ ಔಟನ್ನು ಇಂಟರ್‌ಫೇಸ್‌ನ ಡಿಜಿಟಲ್ ಇನ್‌ಗೆ ಕೊಟ್ಟರೆ ಎಲ್ಲವೂ ಒಂದೇ ಪೆಟ್ಟಿಗೆಯ ಮೂಲಕ ಕಂಪ್ಯೂಟರ್ ಸೇರುತ್ತದೆ. ಅಂಕಿಯಾದದ್ದು ಮತ್ತೆ ಕರೆಂಟಾಗಿ, ಮತ್ತೆ ಅಂಕಿಯಾಗುವ ಗೋಜಲು ಇಲ್ಲ. ಮ್ಯಾಕ್‌ನಲ್ಲಿ ಎರಡು ಸಾಧನಗಳನ್ನು ಒಂದಾಗಿ ಜೋಡಿಸುವ ಸೌಲಭ್ಯ ಇದೆ, ಆದರೂ ವೈರಿನ ದಾರಿಯೇ ಹೆಚ್ಚು ನಂಬಿಗಸ್ತ.

ಆಪ್ಟಿಕಲ್ ತೂತಿನಲ್ಲಿ ಒಂದು ಮೋಸ ಅಡಗಿದೆ. ಅದೇ ಆಕಾರದ ತೂತಿನಲ್ಲಿ ಎರಡು ಚಾನೆಲ್‌ನ ಎಸ್/ಪಿಡಿಐಎಫ್ ಹೋಗಬಹುದು, 48 ಕಿಲೋಹರ್ಟ್ಸ್‌ನಲ್ಲಿ ಎಂಟು ಚಾನೆಲ್ ಹೊರುವ ಎಡಾಟ್ ಕೂಡ ಹೋಗಬಹುದು. ಈ ಕಡೆ ಒಂದು, ಆ ಕಡೆ ಇನ್ನೊಂದು ಇದ್ದರೆ ಕೆಂಪು ಬೆಳಕು ಕಾಣುತ್ತದೆ, ಸದ್ದು ಬರುವುದಿಲ್ಲ. ಎರಡೂ ಕಡೆಯ ಸೆಟ್ಟಿಂಗ್ ನೋಡಿ.

*ಬ್ಲೂಟೂತ್.* ಕೇಳಲು ಸರಿ, ಬಾರಿಸುವಾಗ ಬೇಡ. ಸದ್ದು ನೂರು ಮಿಲಿಸೆಕೆಂಡಿಗೂ ಜಾಸ್ತಿ ಹಿಂದೆ ಬೀಳುವುದು ಸಾಮಾನ್ಯ. ತಾಳ ನಿಲ್ಲುವುದಿಲ್ಲ.

ಹಂತ 4: ಈಗ ವೈರು

ಗಿಟಾರ್‌ನಿಂದ ಪೆಟ್ಟಿಗೆಗೆ ಒಂದು ಕಪ್ಪು ಉಂಗುರ ಇರುವ ಮೋನೋ ಪಿನ್ನಿನ, ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ವೈರು. 3 ಮೀಟರ್ ಸಾಕು. ಉದ್ದವಾದಷ್ಟು ಹೊಳಪು ಕಡಿಮೆಯಾಗುತ್ತದೆ, ಗುಂಯ್ ಜಾಸ್ತಿಯಾಗುತ್ತದೆ. ಸ್ಪೀಕರ್ ವೈರು ಹೊರಗಿನಿಂದ ಹಾಗೆಯೇ ಕಾಣುತ್ತದೆ, ಆದರೆ ಒಳಗೆ ಶೀಲ್ಡ್ ಇಲ್ಲ. ಅದನ್ನು ಹಾಕಬೇಡಿ.

ಯುಎಸ್‌ಬಿ ವೈರು ಡೇಟಾ ಹೋಗುವಂಥದ್ದೇ ಎಂದು ಅಂಗಡಿಯಲ್ಲೇ ಫೋನಿನಿಂದ ಒಂದು ಫೋಟೋ ಕಾಪಿ ಮಾಡಿ ಖಾತ್ರಿ ಮಾಡಿಕೊಳ್ಳಿ. ಇಂಟರ್‌ಫೇಸ್ ನೇರವಾಗಿ ಲ್ಯಾಪ್‌ಟಾಪ್‌ಗೆ ಹೋಗಲಿ. ಯುಎಸ್‌ಬಿ 2.0 ತೂತು ಕೊಡುವುದು 500 ಮಿಲಿಆಂಪಿಯರ್. ಅದನ್ನು ಹಬ್ ಹಾಕಿ ಮೌಸು, ಪೆನ್‌ಡ್ರೈವ್‌ಗಳ ಜೊತೆ ಹಂಚಿಕೊಂಡರೆ ಪೆಟ್ಟಿಗೆಯ ಹೊಟ್ಟೆ ತುಂಬುವುದಿಲ್ಲ. 48 ವೋಲ್ಟ್ ಗುಂಡಿ ಒತ್ತಿದ ಕೂಡಲೇ ಪೆಟ್ಟಿಗೆ ಆಫ್ ಆಗಿ ಆನ್ ಆದರೆ ಕಾರಣ ಹೆಚ್ಚಾಗಿ ಇದೇ.

ಕೊಯಾಕ್ಸಿಯಲ್ ಎಸ್/ಪಿಡಿಐಎಫ್‌ಗೆ 75 ಓಮ್ ವೈರು ಬೇಕು. ಮನೆಯಲ್ಲಿ ಹಳೆಯ ಡಿವಿಡಿ ಪ್ಲೇಯರ್‌ನ ವೈರು ಬಿದ್ದಿದ್ದರೆ ಅದರ ಹಳದಿ ಪಿನ್ನಿನ ವಿಡಿಯೊ ವೈರು ಆಗುತ್ತದೆ. ಕೆಂಪು-ಬಿಳಿಯದ್ದು ಬೇಡ. ಆಪ್ಟಿಕಲ್ ವೈರನ್ನು ಮಡಚಬೇಡಿ, ತುದಿಯ ಪ್ಲಾಸ್ಟಿಕ್ ಮುಚ್ಚಳ ಕಳಚಲು ಮರೆಯಬೇಡಿ.

ಹಂತ 5: ಡ್ರೈವರ್

ವಿಂಡೋಸ್‌ನಲ್ಲಿ ಕ್ರಮ ಹೀಗೆ: ತಯಾರಕರ ತಾಣದಿಂದ ಡ್ರೈವರ್ ಇಳಿಸಿ, ಹಾಕಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಮೇಲೆ ಪೆಟ್ಟಿಗೆ ಚುಚ್ಚಿ. ಮೊದಲೇ ಚುಚ್ಚಿದರೆ ವಿಂಡೋಸ್ ತನ್ನದೇ ಸಾಧಾರಣ ಡ್ರೈವರ್ ಹಾಕಿಕೊಳ್ಳುತ್ತದೆ. ಸದ್ದು ಬರುತ್ತದೆ, ಆದ್ದರಿಂದ ಎಲ್ಲ ಸರಿಯಾಯಿತು ಅಂದುಕೊಳ್ಳುತ್ತೇವೆ. ತಡವಾಗಿ ಕೇಳುವ ದೂರು ಹುಟ್ಟುವುದೇ ಇಲ್ಲಿ.

ಸಾಫ್ಟ್‌ವೇರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಎಎಸ್‌ಐಒ ಆರಿಸಿ, ಅದರ ಕೆಳಗೆ ನಿಮ್ಮ ಪೆಟ್ಟಿಗೆಯ ಹೆಸರು ಆರಿಸಿ. ತಯಾರಕರ ಡ್ರೈವರ್ ಇಲ್ಲದಿದ್ದರೆ ಮಾತ್ರ ಎಎಸ್‌ಐಒ4ಆಲ್ ಎನ್ನುವ ಉಚಿತ ಡ್ರೈವರ್ ಬಳಸಿ, ಅದು ಎರಡನೆಯ ಆಯ್ಕೆ. ಮ್ಯಾಕ್‌ನಲ್ಲಿ ಹೆಚ್ಚಿನ ಪೆಟ್ಟಿಗೆಗಳು ಚುಚ್ಚಿದ ಕೂಡಲೇ ಓಡುತ್ತವೆ.

ಹಂತ 6: ಗಡಿಯಾರ ಒಂದೇ ಇರಲಿ

ಚಟ್ ಚಟ್ ಸದ್ದಿನ ಹಿಂದೆ ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ. ಪೆಡಲ್‌ನಿಂದ ಎಸ್/ಪಿಡಿಐಎಫ್ ಮೂಲಕ ಇಂಟರ್‌ಫೇಸ್‌ಗೆ ಕೊಟ್ಟಿದ್ದೆ. ಸದ್ದು ಚೊಕ್ಕವಾಗಿತ್ತು. ಆದರೆ ಕೆಲವು ಸೆಕೆಂಡಿಗೊಮ್ಮೆ ಒಂದು ಸಣ್ಣ ಟಿಕ್, ಒಣ ಅಡಿಕೆ ಸಿಪ್ಪೆ ಕಾಲಡಿಯಲ್ಲಿ ಮುರಿದ ಹಾಗೆ. ವೈರು ಬದಲಿಸಿದೆ, ಬಫರ್ (ಇದು ಮುಂದಿನ ಹಂತದಲ್ಲಿ ಬರುತ್ತದೆ) ಬದಲಿಸಿದೆ, ಫ್ಯಾನ್ ಆಫ್ ಮಾಡಿದೆ. ಸಂಜೆ ಹೊತ್ತಿಗೆ ಇಂಟರ್‌ಫೇಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಕ್ಲಾಕ್ ಸೋರ್ಸ್' ಎನ್ನುವುದು ಕಣ್ಣಿಗೆ ಬಿತ್ತು. ಅದು 'ಇಂಟರ್ನಲ್' ಅಂತಿತ್ತು. 'ಎಸ್/ಪಿಡಿಐಎಫ್' ಎಂದು ಬದಲಿಸಿದೆ. ಟಿಕ್ ನಿಂತಿತು.

ಆದದ್ದು ಇಷ್ಟು. ಪೆಡಲ್ ತನ್ನ ಗಡಿಯಾರ ನೋಡಿ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆಯುತ್ತಿತ್ತು. ಇಂಟರ್‌ಫೇಸ್ ತನ್ನ ಗಡಿಯಾರ ನೋಡಿ ಅಷ್ಟೇ ಸಲ ಎಣಿಸುತ್ತಿತ್ತು. ಎರಡು ಗಡಿಯಾರ ಎಂದೂ ಕೂದಲೆಳೆಯಷ್ಟೂ ತಪ್ಪದೆ ಒಟ್ಟಿಗೆ ಓಡುವುದಿಲ್ಲ. ವ್ಯತ್ಯಾಸ ಒಂದು ಸ್ಯಾಂಪಲ್‌ನಷ್ಟು ಬೆಳೆದಾಗ ಒಂದು ಅಂಕಿ ಬಿಟ್ಟುಹೋಗುತ್ತದೆ ಅಥವಾ ಎರಡು ಸಲ ಬರುತ್ತದೆ. ಅದೇ ಟಿಕ್.

ನಿಯಮ ಇಷ್ಟೇ: ಡಿಜಿಟಲ್ ವೈರಿನಲ್ಲಿ ಕಳಿಸುವವನದ್ದು ಗಡಿಯಾರ, ತೆಗೆದುಕೊಳ್ಳುವವನು ಅದನ್ನು ಅನುಸರಿಸುತ್ತಾನೆ. ಒಂದು ಕಡೆ ಇಂಟರ್ನಲ್, ಇನ್ನೊಂದು ಕಡೆ ಎಕ್ಸ್‌ಟರ್ನಲ್. ಬರೀ ಯುಎಸ್‌ಬಿ ಇಂಟರ್‌ಫೇಸ್ ಒಂದೇ ಇರುವವರಿಗೆ ಈ ತಲೆನೋವು ಇಲ್ಲ, ಇಂಟರ್ನಲ್‌ನಲ್ಲೇ ಇರಲಿ.

ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಳೆಯುವುದು ಎನ್ನುವುದು, ಎಲ್ಲ ಕಡೆ ಒಂದೇ ಇರಬೇಕು. ಪೆಟ್ಟಿಗೆ, ಪ್ರಾಜೆಕ್ಟ್, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್, ಮೂರರಲ್ಲೂ. ಕೆಲವು ಪೆಡಲ್‌ಗಳು 44.1 ಕಿಲೋಹರ್ಟ್ಸ್ ಬಿಟ್ಟು ಬೇರೆ ಒಪ್ಪುವುದಿಲ್ಲ. ಆಗ ಪ್ರಾಜೆಕ್ಟನ್ನೂ 44.1ಕ್ಕೆ ಇಡಿ. ತಪ್ಪಿದರೆ ಗುರುತು ಹಿಡಿಯುವುದು ಸುಲಭ: 44.1ರಲ್ಲಿ ರೆಕಾರ್ಡ್ ಆದದ್ದನ್ನು 48ರಲ್ಲಿ ಓಡಿಸಿದರೆ ಹಾಡು ಓಡೋಡಿ ಹೋಗುತ್ತದೆ, ಶ್ರುತಿ ಸುಮಾರು ಒಂದೂವರೆ ಫ್ರೆಟ್‌ನಷ್ಟು ಮೇಲೇರುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಂಡರೆ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 9 ಎಂಬಿಗಿಂತ ಕಡಿಮೆ ಜಾಗ ಹಿಡಿಯುತ್ತದೆ. ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಂಡಿಲ್ಲ.

ಹಂತ 7: ಬಫರ್

ಕಂಪ್ಯೂಟರ್ ಸದ್ದನ್ನು ಹನಿಹನಿಯಾಗಿ ಅಲ್ಲ, ಚೆಂಬು ಚೆಂಬಾಗಿ ತೆಗೆದುಕೊಳ್ಳುತ್ತದೆ. ಚೆಂಬಿನ ಅಳತೆಯೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3, 1024 ಅಂದರೆ 21.3. ಇದು ಒಂದು ಕಡೆಯ ಲೆಕ್ಕ. ಹೋಗಿ ಬರುವಾಗ ಎರಡರಷ್ಟಾಗುತ್ತದೆ, ಮೇಲೆ ಇನ್ನೂ ಸ್ವಲ್ಪ ಸೇರುತ್ತದೆ.

ಒಟ್ಟು 10 ಮಿಲಿಸೆಕೆಂಡ್ ಎಂದರೆ ಎಷ್ಟು? ಗಾಳಿಯಲ್ಲಿ ಸದ್ದು ಅಷ್ಟರಲ್ಲಿ ಹೋಗುವುದು ಸುಮಾರು ಮೂರೂವರೆ ಮೀಟರ್. ಕೋಣೆಯ ಆ ಮೂಲೆಯಲ್ಲಿ ಆಂಪ್ ಇಟ್ಟು ಬಾರಿಸಿದ ಹಾಗೆ. ಅದು ಯಾರಿಗೂ ತೊಂದರೆ ಕೊಡುವುದಿಲ್ಲ. 40 ದಾಟಿದರೆ ಕೈ ತಡವರಿಸುತ್ತದೆ.

128ರಲ್ಲಿ ಶುರು ಮಾಡಿ. ಚಟಪಟ ಬಂದರೆ 256. ರೆಕಾರ್ಡಿಂಗ್ ಮುಗಿದು ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ, ಆಗ ತಡವಾದರೂ ಚಿಂತೆಯಿಲ್ಲ. ಇಂಟರ್‌ಫೇಸ್‌ನಲ್ಲಿ 'ಡೈರೆಕ್ಟ್ ಮಾನಿಟರ್' ಗುಂಡಿ ಇದ್ದರೆ ಗಿಟಾರ್ ಕಂಪ್ಯೂಟರ್ ಸುತ್ತಿ ಬರದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆದರೆ ಕಂಪ್ಯೂಟರ್‌ನೊಳಗಿನ ಆಂಪ್ ಎಫೆಕ್ಟ್ ಆಗ ಕೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಆನ್ ಇಟ್ಟರೆ ಒಂದೇ ಸ್ವರ ಎರಡೆರಡು ಸಲ ಕೇಳುತ್ತದೆ. ಸಾಫ್ಟ್‌ವೇರ್‌ನ ಮಾನಿಟರ್ ಆಫ್ ಮಾಡಿ, ಇಲ್ಲವೇ ಡೈರೆಕ್ಟ್ ಆಫ್ ಮಾಡಿ.

ಹಂತ 8: ಗೇನ್

ಗಿಟಾರ್ ವಾಲ್ಯೂಮ್ ಪೂರ್ತಿ ತೆರೆಯಿರಿ. ಹಾಡಿನಲ್ಲಿ ಅತ್ಯಂತ ಜೋರಾಗಿ ಬರುವ ಭಾಗವನ್ನು ನಿಜವಾಗಿ ಅಷ್ಟೇ ಜೋರಾಗಿ ಬಾರಿಸಿ, ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಗೇನ್ ತಿರುಗಿಸಿ. ಡಿಜಿಟಲ್‌ನಲ್ಲಿ ಸೊನ್ನೆ ಎಂದರೆ ಮನೆಯ ಮಾಡಿದ್ದ ಹಾಗೆ, ಅದರ ಮೇಲೆ ಜಾಗವಿಲ್ಲ. ಕೆಂಪು ದೀಪ ಒಮ್ಮೆ ಮಿನುಗಿದರೂ ಆ ಟೇಕ್ ಬಿಡಿ. 24 ಬಿಟ್‌ನಲ್ಲಿ ಸ್ವಲ್ಪ ಕಡಿಮೆ ಲೆವೆಲ್‌ನಿಂದ ಏನೂ ಹಾಳಾಗುವುದಿಲ್ಲ.

ಹಂತ 9: ಗುಂಯ್ ಸದ್ದು, ಕರೆಂಟು, ಸಿಡಿಲು

ನಮ್ಮ ಕರೆಂಟು 50 ಹರ್ಟ್ಸ್‌ನದ್ದು. ಅದರ ಎರಡರಷ್ಟಾದ 100 ಹರ್ಟ್ಸ್ ಗಿಟಾರ್‌ನಲ್ಲಿ ಕೇಳಿ ಗುರುತಿಸಬಹುದು. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಹಿನ್ನೆಲೆಯ ಗುಂಯ್ ಆ ಸ್ವರಕ್ಕೆ ಹತ್ತಿರ ಇದ್ದರೆ ಅದು ಮನೆಯ ಕರೆಂಟಿನದ್ದೇ.

ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ತಪ್ಪು ಚಾರ್ಜರ್ ಅಥವಾ ಅರ್ತಿಂಗ್‌ನದ್ದು. ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ನಿಲ್ಲದಿದ್ದರೆ ಗಿಟಾರ್ ಹಿಡಿದು ನಿಂತಲ್ಲೇ ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಕಡಿಮೆಯಾದರೆ ಪಿಕಪ್ ಅದನ್ನು ಗಾಳಿಯಿಂದ ಹಿಡಿಯುತ್ತಿದೆ. ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್, ಚಾರ್ಜರ್‌ಗಳಿಂದ ದೂರ ಕೂರಿ. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಗರ್ರ್ ಎಂದು ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಅದರ ಮೇಲೆ ರೆಕಾರ್ಡಿಂಗ್ ಬೇಡ.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾಗುವುದು ಸಹಜ. ಆದರೆ ತಂತಿ ಅಥವಾ ಮೈಕ್ ಮುಟ್ಟಿದಾಗ ಕೈ ಜುಂ ಎಂದರೆ ಅಲ್ಲಿಗೇ ನಿಲ್ಲಿಸಿ. ಎಲ್ಲ ಪ್ಲಗ್ ಕಿತ್ತು, ಇಲೆಕ್ಟ್ರಿಷಿಯನ್ ಕರೆದು ಅರ್ತಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನನ್ನು ತೆಗೆದರೆ ಗುಂಯ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಪ್ರಾಣಕ್ಕೇ ಅಪಾಯ.

ಏಪ್ರಿಲ್, ಮೇಯ ಸಂಜೆ ಮತ್ತು ಮಳೆಗಾಲ ಮುಗಿಯುವ ಅಕ್ಟೋಬರ್, ನವೆಂಬರ್‌ನಲ್ಲಿ ಸಿಡಿಲಿನ ಭಯ ಇದ್ದದ್ದೇ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳಿ. ಲ್ಯಾಪ್‌ಟಾಪ್‌ಗೆ ಹಾಕಿದ ಇಂಟರ್ನೆಟ್ ವೈರನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಕಡಲ ಕಡೆಯ ತೇವಕ್ಕೆ ಜಾಕ್‌ಗಳು ಮಂಕಾಗುತ್ತವೆ. ಪಿನ್ನು ತಿರುಗಿಸಿದಾಗ ಕರಕರ ಎಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಹಂತ 10: ಅರ್ಧ ಗಂಟೆಯ ಪರೀಕ್ಷೆ

ಎರಡು ನಿಮಿಷ ಸರಿ ಬಂತು ಎಂದು ಹಾಡು ಶುರು ಮಾಡಬೇಡಿ. 30 ನಿಮಿಷ ರೆಕಾರ್ಡಿಂಗ್ ಓಡಲು ಬಿಡಿ. ಮೊದಲ ಐದು ನಿಮಿಷ ಬಾರಿಸಿ, ನಡುವೆ ಸುಮ್ಮನಿರಿ, ಕೊನೆಗೆ ಮತ್ತೆ ಬಾರಿಸಿ. ಆಮೇಲೆ ಸುಮ್ಮನಿದ್ದ ಭಾಗವನ್ನು ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿ. ಟಿಕ್, ಗುಂಯ್ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ಪೆರ್ಲದ ಹುಡುಗ ಮನೆಗೆ ಹೋಗಿ ಇದನ್ನು ಮಾಡಿದ. ಹದಿನೇಳನೇ ನಿಮಿಷಕ್ಕೆ ಸದ್ದು ಕಡಿದುಹೋಯಿತು ಎಂದು ರಾತ್ರಿ ಫೋನ್ ಮಾಡಿದ. ವಿಂಡೋಸ್‌ನ ಪವರ್ ಆಪ್ಷನ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಆಫ್ ಮಾಡಲು ಹೇಳಿದೆ. ಬ್ಯಾಟರಿ ಉಳಿಸಲು ಕಂಪ್ಯೂಟರ್ ಆ ತೂತನ್ನು ನಿದ್ದೆಗೆ ಕಳಿಸುತ್ತಿತ್ತು. ಮರುದಿನ ಬೆಳಿಗ್ಗೆ ಮೂವತ್ತು ನಿಮಿಷದ ಫೈಲ್ ಕಳಿಸಿದ. ಹೊರಗೆ ಮಳೆ ಹೊಯ್ಯುತ್ತಿತ್ತಂತೆ. ಫೈಲ್‌ನಲ್ಲಿ ಗಿಟಾರ್ ಬಿಟ್ಟು ಬೇರೆ ಸದ್ದು ಇರಲಿಲ್ಲ.